ಹಾಸು ಬಿದ್ದ ಬೆಳಗು

ದೇವರು ಉಸಿರು ಹಂಚುವಾಗ ಒಬ್ಬೊಬ್ಬರಿಗೆ ಒಂದೊಂದು ನಡೆ ಕೊಟ್ಟನಂತೆ. ಹತ್ತು ಜನರ ಉಸಿರು ತಾನಾಗಿ ಒಂದೇ ನಡೆಗೆ ಬಂತೆಂದರೆ ಆ ಜಾಗದಲ್ಲಿ ಅವನೇ ಬಂದು ಕೂತಿದ್ದಾನೆ ಎಂದು ತಿಳಿಯಬೇಕು. ಸಿರಿಬಾಳದ ಮುದುಕರು ಹೀಗೆ ಹೇಳಿಕೊಂಡು, ಭಜನೆ ಮಾಡಿಕೊಂಡು, ಬಟ್ಟೆ ನೇಯ್ದುಕೊಂಡು ಇದ್ದರು. ಕಾಲ ಬಂದಾಗ ಹೋದರು.

ಅವರು ಹೋದ ಎಷ್ಟೋ ವರ್ಷದ ಮೇಲೆ ವಿಜ್ಞಾನಿಗಳು ಅದೇ ಮಾತನ್ನು ಬೇರೆ ಬಾಗಿಲಿನಿಂದ ಕಂಡರು. ದೊಂಬಿ ಏಳುವ ಮೊದಲು ಗುಂಪಿನ ಉಸಿರು ಒಂದಾಗುತ್ತದೆ. ಸಾವಿರ ಜನ ನಿಂತು ಬೈಯುತ್ತಿದ್ದರೂ ಉಸಿರು ಚದುರಿದ್ದರೆ ಭಯವಿಲ್ಲ, ಬೈದು ಮನೆಗೆ ಹೋಗುತ್ತಾರೆ. ನೂರೇ ಜನ ಇದ್ದರೂ ಎದೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯತೊಡಗಿದರೆ, ಇನ್ನು ಸ್ವಲ್ಪ ಹೊತ್ತಿಗೆ ಆ ನೂರು ಕೈಗಳು ಒಂದೇ ಕೈಯಾಗುತ್ತವೆ. ಇದನ್ನು ಮೊದಲೇ ಅಳೆಯಬಹುದಾದರೆ?

ಅಳೆಯುವ ಯಂತ್ರ ಬಂತು. ಬೀದಿದೀಪದ ಕಂಬಗಳಿಗೆ ತೆಂಗಿನಕಾಯಿ ಗಾತ್ರದ ಪೆಟ್ಟಿಗೆಗಳನ್ನು ಬಿಗಿದರು. ಪೆಟ್ಟಿಗೆಯಿಂದ ಹೊರಟ ಅಲೆ ಜನರ ಎದೆಗೆ ತಾಗಿ ಮರಳುತ್ತಿತ್ತು. ಅದಕ್ಕೆ ಮುಖ ಕಾಣಿಸದು, ಮಾತು ಕೇಳಿಸದು, ಎದೆಯ ಏರಿಳಿತ ಒಂದೇ ಗೊತ್ತು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಒಬ್ಬೊಬ್ಬರೂ ಒಂದೊಂದು ಬಿಳಿ ಚುಕ್ಕೆ. ಉಸಿರು ಒಂದಾಯಿತೆಂದರೆ ಚುಕ್ಕೆಗಳು ಕೆಂಪಾಗುತ್ತಿದ್ದವು. ಆಗ ಜಿಲ್ಲಾ ಕೇಂದ್ರದ ಮೀಸಲು ಪಡೆಗೆ ಕರೆ ಹೋಗಬೇಕು. ಜನ ಅದಕ್ಕೆ ಉಸಿರುಪೆಟ್ಟಿಗೆ ಎಂದು ಹೆಸರಿಟ್ಟರು.

ಸಿರಿಬಾಳದಲ್ಲಿ ಪೆಟ್ಟಿಗೆ ಕಣ್ಣು ತೆರೆದ ವಾರದಲ್ಲೇ ಕೆಂಪು ಹತ್ತಿತು. ಬಂದೂಕು ಹಿಡಿದ ಪಡೆ ವ್ಯಾನು ತುಂಬಿಕೊಂಡು ಬಂದು ಬೀದಿಗೆ ಇಳಿದರೆ, ಅಲ್ಲಿ ಹಾಸು ಬಿದ್ದಿತ್ತು.

ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು ಆ ಕಡೆ ಹಾಸು ಎನ್ನುತ್ತಾರೆ. ಏರಿಸುವ ಮೊದಲು ಬೀದಿಯಲ್ಲಿ ಸೊಂಟದ ಎತ್ತರಕ್ಕೆ ಅದನ್ನು ಬಿಗಿದು, ಎರಡೂ ಬದಿಗೆ ಜನ ನಿಂತು ಗಂಜಿ ಹಚ್ಚಿ, ಕುಂಚದಿಂದ ತೀಡುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾರೆ, ಮತ್ತೆ ಮರಳುತ್ತಾರೆ. ಬಿಸಿಲು ಏರಿ ಗಂಜಿ ಒಣಗುವುದರೊಳಗೆ ಕೆಲಸ ಮುಗಿಯಬೇಕು. ಅದಕ್ಕೇ ಒಬ್ಬರ ಹಾಸು ಬಿದ್ದರೆ ಓಣಿಯೆಲ್ಲ ಬರುತ್ತದೆ. ಕೈ ಒಂದಾಗಲೆಂದು ಹಾಡು ಇರುತ್ತದೆ. ಬಿಗಿದ ಹಾಸನ್ನು ಯಾರೂ ದಾಟುವುದಿಲ್ಲ. ದಿಬ್ಬಣವೂ ಸುತ್ತು ಹಾಕಿ ಹೋಗಬೇಕು, ಹೆಣವೂ ಸುತ್ತು ಹಾಕಿ ಹೋಗಬೇಕು. ಸೆರಗು ತಾಗಿದರೂ ಹಸಿ ಎಳೆ ಹರಿಯುತ್ತದೆ ಎಂಬುದು ಒಂದು ಕಾರಣ. ಅದು ಶಿವನ ಉಡಿದಾರ ಎಂಬುದು ಇನ್ನೊಂದು. ಜನ ನಂಬಿದ್ದು ಎರಡನೆಯದನ್ನೇ.

"ಏನಿದು ಗಲಾಟೆ?" ಎಂದರು ಇನ್‌ಸ್ಪೆಕ್ಟರು.

ಬಣ್ಣದ ಓಣಿಯ ಯಮನವ್ವ ಕುಂಚ ಹಿಡಿದೇ ಸೊಂಟ ನೆಟ್ಟಗೆ ಮಾಡಿದಳು. ನೂಲಿಗೆ ಬಣ್ಣ ಹಾಕಿ ಹಾಕಿ ಮೊಣಕೈವರೆಗೆ ಕೆಂಪಾಗಿದ್ದ ಮುದುಕಿ. "ಗಲಾಟಿ ಅಲ್ರೀ ಸಾಹೇಬ್ರ, ಗಂಜಿ! ಬಂದೂಕ ಆ ಗ್ವಾಡಿಗೆ ಆನಿಸಿ ನೀವೂ ಒಂದು ಕುಂಚ ಹಿಡೀರಿ. ಬೂಟ್ ಕಳದ ಬರ್ರಿ ಮತ್ತ."

ಬೀದಿಗೆ ಬೀದಿಯೇ ನಕ್ಕಿತು. ಪಡೆಯವರೂ ನಕ್ಕು ಚಹಾ ಕುಡಿದು ಹೋದರು. ಆದರೆ ಯಾವ ಉಸಿರು ಕೆಲಸದ್ದು, ಯಾವುದು ಕೇಡಿನದು ಎಂದು ಯಂತ್ರಕ್ಕೆ ಕಲಿಸುವವರು ಬೇಕಾಯಿತು. ಹಾಗೆ ನಿಯಂತ್ರಣ ಕೊಠಡಿಯ ಕುರ್ಚಿಗೆ ಬಂದವಳು ದಾನಮ್ಮ. ಅದೇ ಊರಿನ ನೇಕಾರರ ಮಗಳು. ತಂದೆ ಬೇಗ ತೀರಿಕೊಂಡಾಗ ಅಣ್ಣ ಸಿದ್ರಾಮ ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದು, ತಂಗಿಯನ್ನು ಎಂಜಿನಿಯರಿಂಗ್ ಓದಿಸಿದ್ದ. ಅವಳು ಪರದೆಯ ಮುಂದೆ ಕೂತು, ಚುಕ್ಕೆಗಳು ಹಾಸಿನ ಗುಂಟ ಹೋಗಿ ಮರಳುವುದನ್ನು ಯಂತ್ರಕ್ಕೆ ತೋರಿಸಿ 'ಕೆಲಸ' ಎಂದು ಗುರುತು ಹಾಕಿದಳು. ಆ ಚುಕ್ಕೆಗಳು ಹಸಿರಾದವು. ಭಜನೆಯನ್ನೂ ಕಲಿಸಿದಳು. ಯಂತ್ರ ವಿಧೇಯ ಶಿಷ್ಯನಂತೆ ಕಲಿಯಿತು.

ಆಮೇಲೆ ದುಡ್ಡು ಸತ್ತಿತು.

ದೂರದ ಯಾವುದೋ ಪೇಟೆಯಲ್ಲಿ ದೊಡ್ಡ ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಯಾಕೆಂದು ಸಿರಿಬಾಳದಲ್ಲಿ ಯಾರಿಗೂ ತಿಳಿಯಲಿಲ್ಲ. ಓದಿದ ದಾನಮ್ಮನಿಗೂ ಅದು ಅರ್ಧ ಮಾತ್ರ ತಿಳಿಯಿತು. ಬೆಳಿಗ್ಗೆ ಜೋಳ ತರುತ್ತಿದ್ದ ನೋಟು ಸಂಜೆಗೆ ಬೆಂಕಿಪೊಟ್ಟಣ ತರಲಾರದಾಯಿತು. ಕಾಯಿಪಲ್ಲೆಯವಳು ನೋಟು ನೋಡಿ ಮುಖ ತಿರುಗಿಸಿ, "ಕುಪ್ಪಸದ ಬಟ್ಟಿ ಇದ್ರ ಕೊಡವ್ವಾ, ಬದನಿಕಾಯಿ ಒಯ್ಯಿ" ಎನ್ನತೊಡಗಿದಳು. ಮನೆಯಲ್ಲಿ ನೇಯ್ದಿಟ್ಟ ಬಟ್ಟೆ ಇರುವ ತನಕ ನೇಕಾರರು ಬದುಕಿದರು. ಆದರೆ ನೂಲು ಹೊರಗಿನಿಂದ ಬರಬೇಕು. ನೂಲಿನ ಲಾರಿಗಳು ನಿಂತವು. ಒಂದೊಂದೇ ಮನೆಯಲ್ಲಿ ಲಾಳಿಯ ಸದ್ದು ಅಡಗಿತು. ಬೀದಿಯಲ್ಲಿ ಹಾಸು ಬೀಳುವುದು ನಿಂತು ವರ್ಷದ ಮೇಲಾಯಿತು. ಪರದೆಯ ಮೇಲೆ ದಾನಮ್ಮ ಹಾಸಿನ ಹಸಿರು ಕಾಣದೆ ಅಷ್ಟೇ ದಿನವಾಯಿತು. ಭಜನೆ ಕೂಡ ತೆಳುವಾಗಿತ್ತು. ಹಸಿದ ಗಂಟಲಿಗೆ ಮೇಲಿನ ಸ್ವರ ಎಟುಕುವುದಿಲ್ಲ.

ಆಗ ನೆಲದ ದಳ ಎಂಬ ಹೊಸ ಪಕ್ಷದವರು ಬಂದರು. ಮೊದಲು ಅವರು ಯಾರನ್ನೂ ಬೈಯಲಿಲ್ಲ. ಹಳೆಯ ಸೊಸೈಟಿಯ ಗೋದಾಮಿನಲ್ಲಿ ಒಲೆ ಹೂಡಿ, ಸಂಜೆ ಸಂಜೆ ಜೋಳದ ಅಂಬಲಿ ಕಾಸಿ ಬಡಿಸಿದರು. ಆಮೇಲೆ ಅಂಬಲಿಗೆ ಮೊದಲು ಒಂದು ಹಾಡು ಬಂತು. ಹಾಡಿನ ಕೊನೆಗೆ ಒಂದು ಕೂಗು ಬಂತು: "ನೂಲು ಯಾರ ಮನ್ಯಾಗ?" ಉತ್ತರವನ್ನು ಅವರು ಹೇಳಿಕೊಡಲಿಲ್ಲ. ಅದನ್ನು ಊರೇ ಹುಡುಕಿಕೊಂಡಿತು.

ಉತ್ತರ ಬಣ್ಣದ ಓಣಿ. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದರು. ಮೂರು ತಲೆ ಕಳೆದರೂ ಊರವರ ಬಾಯಲ್ಲಿ ಅವರು ಮುಳುಗಡೆಯವರೇ. ಅವರು ಬಣ್ಣ ಹಾಕದೆ ಇವರು ನೇಯುವಂತಿಲ್ಲ, ಇವರು ನೇಯದೆ ಅವರು ಉಣ್ಣುವಂತಿಲ್ಲ. ಈಗ ಇಬ್ಬರೂ ಉಣ್ಣುತ್ತಿರಲಿಲ್ಲ. ಆದರೆ ಕೊನೆಯ ನೂಲು ಬಣ್ಣಕ್ಕೆಂದು ಹೊಕ್ಕದ್ದು ಆ ಓಣಿಗೆ ಎಂಬುದು ಎಲ್ಲರಿಗೂ ನೆನಪಿತ್ತು.

ಒಂದು ಸಂಜೆ ಗೋದಾಮಿಗೆ ಹೊರಟ ಅಣ್ಣನನ್ನು ದಾನಮ್ಮ ಬಾಗಿಲಲ್ಲಿ ತಡೆದಳು.

"ಅಣ್ಣಾ, ಅಲ್ಲಿಗೆ ಹೋಗಬ್ಯಾಡ."

"ಮತ್ತ ನೀ ಕಾಸ್ತೀಯೇನು ಅಂಬಲಿ? ನಿನ್ನ ಸರ್ಕಾರಿ ಪಗಾರಾ ಸಂತ್ಯಾಗ ಹಿಡದ ನಿಂದ್ರು ಹೋಗು. ಒಂದು ಹಿಡಿ ಉಪ್ಪ ಕೊಡ್ತಾರೇನು ನೋಡೂಣು."

"ಬಿಡ್ರಿ, ತಂಗಿ ಮ್ಯಾಲ ಯಾಕ ಹಾಯ್ತೀರಿ?" ಎಂದಳು ಒಳಗಿನಿಂದ ಅವನ ಹೆಂಡತಿ ಗೌರವ್ವ.

"ಮತ್ಯಾರ ಮ್ಯಾಲ ಹಾಯಲಿ? ಮಗ್ಗದ ಮ್ಯಾಲ ಹಾಯಲೇನು? ಅದಂತೂ ತಿರುಗಿ ಮಾತಾಡಂಗಿಲ್ಲ." ಸಿದ್ರಾಮ ಕಟ್ಟೆಯ ಮೇಲೆ ಕುಸಿದು ಕೂತ. "ಬಣ್ಣದ ಓಣ್ಯಾಗ ನೂಲಿನ ಗುಡ್ಡಾನ ಐತಂತ."

"ಯಾರ ನೋಡ್ಯಾರ?"

"ಎಲ್ಲಾರೂ ಹೇಳಾಕತ್ತಾರ."

"ಎಲ್ಲಾರೂ ಅಂದ್ರ ಯಾರು?"

"ಎಲ್ಲಾರೂ ಅಂದ್ರ ಎಲ್ಲಾರೂ!"

"ಅಣ್ಣಾ, ಅವ್ವಗ ಕಣ್ಣಬ್ಯಾನಿ ಆದಾಗ ಯಮನವ್ವ ಆಯಿ ಮನ್ಯಾಗ ನಾವಿಬ್ರೂ ಉಂಡು ಬೆಳದೀವಿ. ಆಕಿ ಮುಚ್ಚಿ ಇಡ್ತಾಳೇನು?"

"ಅದಕ್ಕ ಹೊಟ್ಟಿ ಉರೀತೈತಿ ದಾನೀ," ಎಂದ ಅವನು ಮೆಲ್ಲಗೆ. "ಗುರ್ತ ಇಲ್ಲದವ್ರು ನುಂಗಿದ್ರ ಇಷ್ಟ ಉರೀತಿದ್ದಿಲ್ಲ."

ಮನುಷ್ಯನಿಗೆ ಹಸಿವಿಗಿಂತ ತಡೆಯಲಾರದ್ದು ಕೆಲಸವಿಲ್ಲದ ಕೈ. ಹಸಿವು ಉಂಡರೆ ಹೋಗುತ್ತದೆ. ಕೈ ಮಾತ್ರ ಏನಾದರೂ ಹಿಡಿಯುವ ತನಕ ಸುಮ್ಮನಾಗುವುದಿಲ್ಲ. ಸಿದ್ರಾಮ ದಿನವೂ ಬೆಳಗಿನಿಂದ ಖಾಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ನೂಲಿಲ್ಲದ ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹೊರಳಿಸುತ್ತಿದ್ದ. ಗೌರವ್ವ ಆ ಕಡೆ ನೋಡದೆ ಒಲೆ ಸಾರಿಸುತ್ತಿದ್ದಳು, ಹೊತ್ತಿಸುವುದೇನೂ ಇರದ ಒಲೆಯನ್ನು.

ಪರದೆಯ ಮೇಲೆ ಗೋದಾಮಿನ ಚುಕ್ಕೆಗಳು ದಿನೇ ದಿನೇ ಕೆಂಪಿನ ಹತ್ತಿರ ಬರುತ್ತಿದ್ದವು. ದಾನಮ್ಮ ಮೇಲಧಿಕಾರಿ ನಾಡಗೌಡರನ್ನು ಕರೆದು ತೋರಿಸಿದಳು.

"ಹಸದವ್ರಿಗೆ ಅಂಬಲಿ ಬಡಸೋದು ಯಾವ ಗುನ್ಹೆ ದಾನಮ್ಮ?" ಎಂದರು ಅವರು. "ಜಿಲ್ಲಾದಾಗ ಡೀಸೆಲ್ ಇಲ್ಲ. ವ್ಯಾನು ಒಂದ ಸಲ ಹೋಗಿ ಬರೋವಷ್ಟ ಎಣ್ಣಿ ಇಟ್ಕೊಂಡು ಕೂತಾರ. ನಾವು ಹುಸಿ ಕರೆ ಮಾಡಿದ್ರ, ಖರೇ ಬೆಂಕಿ ಬಿದ್ದ ದಿನ ಅವ್ರು ಬರಂಗಿಲ್ಲ. ಕರೆಯೋದು ನಿನ್ನ ಕೈಯಾಗ ಐತಿ, ನೋಡಿ ಕರಿ."

ಅಂದಿನಿಂದ ಅವಳ ಪ್ರಾರ್ಥನೆ ಒಂದೇ ಆಯಿತು: ಶಿವನೇ, ಯಾವ ದಿನ ಕರೆಯಬೇಕೆಂಬುದರಲ್ಲಿ ನಾನು ತಪ್ಪದಿರಲಿ.

ಶ್ರಾವಣ ಹತ್ತಿರ ಬಂದಿತ್ತು. ಒಂದು ಸಂಜೆ ಸಿದ್ರಾಮ ನಗುತ್ತ ಮನೆಗೆ ಬಂದ. ಅವನ ನಗೆ ಕಂಡು ತಾಯಿಯೇ ಹೆದರಿದಳು, ಅವನು ನಕ್ಕು ಅಷ್ಟು ದಿನವಾಗಿತ್ತು. ಅವನ ಹೆಗಲ ಮೇಲೆ ನೂಲಿನ ಗಂಟು.

"ದಳದವ್ರು ತರಿಸ್ಯಾರ. ಖರೇ ನೂಲವ್ವಾ, ಮುಟ್ಟಿ ನೋಡು! ನಾಳಿ ಮುಂಜಾನಿ ಹಾಸ ಹಾಕ್ತೀವಿ."

ತಾಯಿ ನೂಲನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ದೇವರ ಜಗುಲಿಯ ಮೇಲಿಟ್ಟಳು. ಗೌರವ್ವ ಮೂಲೆಯಲ್ಲಿದ್ದ ಕುಂಚ ತೆಗೆದು ಧೂಳು ಝಾಡಿಸಿದಳು.

"ಎಲ್ಲಿ ಹಾಕ್ತೀರಿ?" ಎಂದಳು ದಾನಮ್ಮ.

"ಬಣ್ಣದ ಓಣಿ ಬಾಯಾಗ. ಅಲ್ಲಿ ಬೀದಿ ಅಗಲ ಐತಿ." ಅಷ್ಟು ಹೇಳಿ ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ದಾನಮ್ಮ ಚಪ್ಪಲಿ ಮೆಟ್ಟಿ ನೇರ ಯಮನವ್ವನ ಮನೆಗೆ ಹೋದಳು. ಮುದುಕಿ ಗಂಟು ಕಟ್ಟುತ್ತಿದ್ದಳು. ಹೊಳೆಯಾಚೆಯ ಮಗಳ ಊರಿನಿಂದ ಬಂದ ಗಾಡಿ ಅಂಗಳದಲ್ಲಿ ನಿಂತಿತ್ತು.

"ಓಣ್ಯಾಗ ಅರ್ಧಾ ಮಂದಿ ಹೋದ್ರು ದಾನೀ. ದಾರ್ಯಾಗ ಹುಡುಗ್ರು ನನ್ನ ಕೈ ತೋರಿಸಿ 'ನೂಲಕಳ್ಳಿ' ಅಂತಾವ. ಈ ಬಣ್ಣಾ ತೊಳದ್ರ ಹೋಗೂ ಹಂಗೂ ಇಲ್ಲ."

"ಆಯೀ, ನಾಳಿ ಹಾಸ ಬೀಳ್ತೈತಿ. ಅಣ್ಣಾ ನೂಲು ತಂದಾನ. ನಿಮ್ಮ ಓಣಿ ಬಾಯಾಗ ಹಾಕ್ತಾರಂತ."

ಯಮನವ್ವನ ಕೈ ನಿಂತಿತು. "ಖರೇನ? ನನ್ನ ಓಣಿ ಬಾಯಾಗ?"

"ಖರೇನ. ಕೆಲಸ ಬಂತು ಅಂದ್ರ ಸಿಟ್ಟ ಇಳೀತೈತಿ ಆಯಿ. ಹೋಗಬ್ಯಾಡ."

ಮುದುಕಿ ಅವಳ ಮುಖ ನೋಡಿದಳು. ಆಮೇಲೆ ಗಂಟು ಬಿಚ್ಚಿದಳು. "ಸಿದ್ರಾಮ ನೇಯಾಕ ಕೂತಾ ಅಂದ್ರ ಕೆಂಪ ಕೇಳ್ತಾನ. ನನ್ನ ಕೆಂಪ ಬಿಟ್ಟು ಬ್ಯಾರೇದವ್ರ ಕೆಂಪ ಆ ಭಾಡ್ಯಾನ ಕಣ್ಣಿಗೆ ಹಿಡಸಂಗಿಲ್ಲ. ಮುಂಜಾನಿ ಬಣ್ಣದ ಭಟ್ಟಿ ಹಚ್ಚತೀನಿ." ಗಾಡಿಯವನಿಗೆ, "ನೀ ಹೋಗಪಾ, ನಾ ಬರೂದಿಲ್ಲ ಅಂತ ಮಗಳಿಗೆ ಹೇಳು," ಎಂದು ಹೇಳಿ ಕಳಿಸಿದಳು.

ಮರುದಿನ ಬೆಳಿಗ್ಗೆ ದಾನಮ್ಮ ಕುರ್ಚಿಯಲ್ಲಿ ಕೂತು ಪರದೆಗೆ ಕೈ ಮುಗಿದಳು. ಓಣಿಯ ಬಾಯಲ್ಲಿ ಚುಕ್ಕೆಗಳು ಎರಡು ಸಾಲಾಗಿ ನಿಂತವು. ಸಾಲುಗಳು ಮೆಲ್ಲಗೆ ಚಲಿಸಿದವು, ತುದಿ ಮುಟ್ಟಿ ಮರಳಿದವು. ಉಸಿರು ಒಂದಾಯಿತು, ಕೆಂಪು ಹತ್ತಿತು. ಹೊಸ ಕಡೆ, ಹೊಸ ಜನ. ಯಂತ್ರ ಅನುಮಾನಿಸಿ ಕೇಳಿತು: ಕೆಲಸವೇ, ಅಪಾಯವೇ?

ಅವಳ ಕಣ್ಣು ತುಂಬಿ ಬಂತು. ಚುಕ್ಕೆಗಳನ್ನೆಲ್ಲ ಸುತ್ತುಗಟ್ಟಿ 'ಕೆಲಸ' ಎಂದು ಗುರುತು ಹಾಕಿದಳು. ಓಣಿಯ ಬಾಯಿ ಹಸಿರಾಯಿತು.

ಪಕ್ಕದಲ್ಲಿ ಕೂತಿದ್ದ ಹಳೆಯ ಪೇದೆ ಫಕೀರಗೌಡ ಕತ್ತು ಚಾಚಿದ. "ಮೇಡಂ, ಮಂದಿ ಬರಾಕತ್ತಾರ್ರೀ. ಒಂದು ಹಾಸ ತೀಡಾಕ ಇಷ್ಟ ಮಂದಿ ಬೇಕಾಗ್ತಾರೇನ್ರೀ?"

"ವರ್ಷದ ಮ್ಯಾಲ ಬಿದ್ದ ಹಾಸ ಗೌಡ್ರ. ಊರಿಗೆ ಊರ ನೋಡಾಕ ಬಂದಿರ್ತೈತಿ."

"ಹಂಗಂತೀರಿ? ಉಸಿರು ಭಾಳ ಬಿರಸ ಐತಿ."

"ಹಾಡತಿರಬೇಕು."

ಹೊಸದಾಗಿ ಬಂದ ಚುಕ್ಕೆಗಳ ಉಸಿರು ಹಾಸಿನವರ ಉಸಿರಿಗೇ ಕೂಡಿತು. ಗುರುತು ಹಾಕಿದ ವೃತ್ತದೊಳಗೆ ಬಂದವರನ್ನೆಲ್ಲ ಯಂತ್ರ ಹಸಿರು ಮಾಡುತ್ತ ಹೋಯಿತು. ಓಣಿಯ ಬಾಯಿಯಿಂದ ಗೋದಾಮಿನವರೆಗೆ ಬೀದಿ ಹಸಿರಾಯಿತು. ಎಂಥ ಚೆಲುವು ಅನ್ನಿಸಿತು ಅವಳಿಗೆ, ಮಳೆ ಬಿದ್ದ ಹೊಲದ ಹಾಗೆ.

ಆಮೇಲೆ ಎರಡು ಸಾಲುಗಳು ತುದಿ ಮುಟ್ಟಿದವು. ಮರಳಲಿಲ್ಲ.

ಅವಳು ಕಾದಳು. ಹಾಸು ತೀಡುವವರು ಮರಳಲೇಬೇಕು, ಗಂಜಿ ಒಣಗುತ್ತದೆ. ಸಾಲುಗಳು ಮುರಿದವು. ಹಸಿರು ಚುಕ್ಕೆಗಳೆಲ್ಲ ಒಂದೇ ಮುಖವಾಗಿ ಓಣಿಯೊಳಗೆ ನುಗ್ಗಿದವು.

"ಕರೀರಿ! ಗೌಡ್ರ, ವ್ಯಾನ ಕರೀರಿ!"

ಮೀಸಲು ಪಡೆಯವರು ಫೋನಿನಲ್ಲಿ ತಮ್ಮ ಪರದೆ ನೋಡಿ ಹೇಳಿದರು: "ಅಲ್ಲಿ ಎಲ್ಲ ಹಸಿರಿದೆಯಲ್ಲ?" ಅವಳು ಕೂಗಿ, ಅತ್ತು, ಗುರುತು ಅಳಿಸಿ ಕೆಂಪು ಮಾಡುವ ಹೊತ್ತಿಗೆ ಕಿಟಕಿಯಾಚೆ ಹೊಗೆ ಎದ್ದಿತ್ತು.

ಅಂದು ಓಣಿಯಲ್ಲಿ ನಡೆದದ್ದನ್ನು ಅವಳಿಗೆ ಹೇಳಿದ್ದು ತಪ್ಪಿಸಿಕೊಂಡು ಬಂದ ಒಬ್ಬ ಹೆಂಗಸು. ಹಾಸಿನ ಕೆಳಗೆ ನುಸುಳಿ ಒಳಬಂದವರು ಬೆಂಕಿ ಹಚ್ಚಿದಾಗ ಮನೆಗಳಲ್ಲಿದ್ದವರು ಓಣಿಯ ಬಾಯಿಗೆ ಓಡಿಬಂದರು. ಅಲ್ಲಿ ದಾರಿಗೆ ಅಡ್ಡಲಾಗಿ ಹಾಸು ಬಿಗಿದಿತ್ತು, ಹಸಿ ಗಂಜಿಯಲ್ಲಿ ಹೊಳೆಯುತ್ತಿತ್ತು. ಹರೆಯದವರು ಅದರ ಕೆಳಗೆ ನುಸುಳಿದರು, ಕೆಲವರು ಹರಿದುಕೊಂಡು ದಾಟಿದರು. ಯಮನವ್ವನೂ ಅಲ್ಲಿಗೆ ಬಂದಳು. ಹಾಸು ಕಂಡು ನಿಂತಳು. ಸೆರಗನ್ನು ಎತ್ತಿ ಎದೆಗೆ ಅವುಚಿಕೊಂಡಳು, ತಾಗಬಾರದೆಂದು. "ಬಾ ಆಯೀ, ಬಗ್ಗು," ಎಂದು ಆಚೆಯಿಂದ ಕೂಗಿದರೆ, "ಹಸಿ ಐತವ್ವಾ, ಸುತ್ತ ಹಾಕಿ ಬರ್ತೀನಿ," ಎಂದು ತಿರುಗಿ ಹಿಂದಿನ ಸಂದಿಯ ಕಡೆ ನಡೆದಳು. ಸಂದಿಯಲ್ಲಿ ಬೆಂಕಿ ಹಚ್ಚಿದವರು ನಿಂತಿದ್ದರು.

ಸಿದ್ರಾಮ ಮಧ್ಯಾಹ್ನ ಮನೆಗೆ ಬಂದು, ಮುಖ ತೊಳೆಯದೆ, ಮಗ್ಗದ ಕುಣಿಯಲ್ಲಿ ಇಳಿದು ಕೂತ.

"ಸುಳ್ಳ ಹೇಳಿದಿ," ಎಂದಳು ದಾನಮ್ಮ.

"ಹಾಸ ಹಾಕ್ತೀವಂದೆ. ಹಾಕಿದ್ವಿ."

"ಗೊತ್ತಿತ್ತು ನಿನಗ."

ಅವನು ತಲೆ ಎತ್ತಲಿಲ್ಲ. "ಓಣಿ ಬಾಯಾಗ ಹಾಕು ಅಂದ್ರು. ಅಡ್ಡಡ್ಡ ಹಾಕು ಅಂದ್ರು. ಯಾಕ ಅಂತ ಕೇಳಲಿಲ್ಲ. ನೂಲು ಕೊಟ್ಟವ್ರನ್ನ ಯಾಕ ಅಂತ ಹೆಂಗ ಕೇಳೂದು ದಾನೀ?" ಖಾಲಿ ಲಾಳಿ ಕೈಗೆ ತೆಗೆದುಕೊಂಡು, "ಆಕಿ ಊರ ಬಿಟ್ಟು ಹೋಗ್ಯಾಳ ಅಂತ ತಿಳಕೊಂಡಿದ್ದೆ. ಗಾಡಿ ಬಂದಿದ್ದು ನೋಡಿದ್ದೆ," ಎಂದ.

ಗಾಡಿಯನ್ನು ಖಾಲಿ ಕಳಿಸಿದ ಮಾತು ದಾನಮ್ಮನದೇ.

ಬಣ್ಣದ ಓಣಿಯಲ್ಲಿ ನೂಲಿನ ಗುಡ್ಡ ಸಿಗಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ. ತನಿಖೆಗೆ ಬಂದವರು ಯಂತ್ರದ ದಾಖಲೆ ನೋಡಿದರು: ದೊಂಬಿಯ ಗುರುತಿಲ್ಲ, ಬೆಂಕಿಗೆ ಮೊದಲು ಊರು ಪೂರ್ತಿ ಹಸಿರು. ಅಂದು ಬೆಳಿಗ್ಗೆ ಓಣಿಯಲ್ಲಿ ಹೊತ್ತಿದ್ದ ಭಟ್ಟಿ ಒಂದೇ, ಯಮನವ್ವನದು. ಆಕಸ್ಮಿಕ ಎಂದು ಬರೆದುಕೊಂಡು ಹೋದರು. ದೀಪಾವಳಿಯ ಹೊತ್ತಿಗೆ ಪುರಸಭೆ ದಳದವರ ಕೈಗೆ ಬಂತು. ನೂಲು ಸ್ವಲ್ಪ ಸ್ವಲ್ಪ ಬರತೊಡಗಿತು, ದಳದವರಿಗೆ ಮಾತ್ರ. ಸಿದ್ರಾಮನ ಮಗ್ಗ ಆಡಿತು. ಗೌರವ್ವನ ಒಲೆ ಹೊತ್ತಿತು. ಆ ಒಲೆಯ ರೊಟ್ಟಿಯನ್ನು ದಾನಮ್ಮನೂ ತಿಂದಳು, ಹಸಿವು ಯಾರ ರೊಟ್ಟಿ ಎಂದು ಕೇಳುವುದಿಲ್ಲವಾದ್ದರಿಂದ.

ಯಂತ್ರಕ್ಕೆ ಕಲಿಸಿದ್ದು ಅಳಿಸಬೇಕೆಂದು ಅವಳು ನಾಡಗೌಡರ ಮುಂದೆ ನಿಂತಳು. ಬೀದಿಯ ಗುರುತನ್ನು ಅವಳು ಕೆಂಪು ಮಾಡಿದ್ದರೂ ಕಲಿತ ಪಾಠ ಯಂತ್ರದ ಒಳಗೆ ಹಾಗೇ ಇತ್ತು: ಹೀಗೆ ಬಿರುಸಾಗಿ, ಹೀಗೆ ಒಂದಾಗಿ ಬರುವ ಉಸಿರು ಕೆಲಸದ್ದು.

"ಬರೇ ನಮ್ಮ ಊರಿಂದಲ್ಲ ಅದು," ಎಂದರು ಅವರು. "ಒಂದು ಪೆಟ್ಟಿಗಿ ಕಲತದ್ದನ್ನ ಎಲ್ಲಾ ಊರ ಪೆಟ್ಟಿಗಿಗೂ ಕಳಸ್ತಾರ. ಶ್ರಾವಣದಾಗನ ಹೋತು. ತೆಗೀಬೇಕಂದ್ರ ಮ್ಯಾಲಿನವ್ರು ಒಪ್ಪಬೇಕು, ನಾ ಸಹಿ ಹಾಕಬೇಕು."

"ಹಾಕ್ರಿ ಸಾಹೇಬ್ರ. ನಿಮ್ಮ ಕಾಲ ಬೀಳ್ತೀನಿ."

"ಮೂರು ತಿಂಗಳಿಂದ ರಾಜ್ಯದಾಗ ಕೆಂಪ ಕಡಿಮಿ ಆಗೈತಂತ ಮ್ಯಾಲಿನವ್ರು ಖುಷಿ ಆಗ್ಯಾರ. ನಿನ್ನ ಹೆಸರು ಬಹುಮಾನಕ್ಕ ಹೋಗೇತಿ." ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. "ನನಗೂ ಮಕ್ಕಳದಾವವ್ವಾ."

ಅವಳು ಕೆಲಸ ಬಿಡಲಿಲ್ಲ. ಬಿಟ್ಟರೆ ಆ ಕುರ್ಚಿಗೆ ಯಾರು ಬರುತ್ತಾರೋ ಎಂದು ಹೆದರಿ ಕೂತಳು. ಬೆಳಿಗ್ಗೆ ಬಂದು, ವಿಭೂತಿ ಹಚ್ಚಿದ ಹಣೆಯನ್ನು ಪರದೆಗೆ ತೀರ ಹತ್ತಿರ ತಂದು, ತನ್ನ ಊರನ್ನು ಬಿಟ್ಟು ಉಳಿದ ಊರುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡುತ್ತಿದ್ದಳು.

ಚಳಿ ಇಳಿಯುವ ಕಾಲದಲ್ಲಿ ಒಂದು ಬೆಳಿಗ್ಗೆ, ಹೊಳೆಯ ಕೆಳದಂಡೆಯ ತೊರೆಗಲ್ಲಿನಲ್ಲಿ ಹಸಿರು ಕಂಡಿತು. ಅದು ಮೀನು ಹಿಡಿಯುವವರ, ದೋಣಿ ನಡೆಸುವವರ ಊರು. ಅಲ್ಲಿ ಒಂದು ಮಗ್ಗವೂ ಇಲ್ಲ. ಹಸಿರು ಸಂತೆಯ ಬಯಲಿನಿಂದ ಹೊರಟು ಒಂದು ಓಣಿಯ ಕಡೆ ಮುಖ ಮಾಡಿತ್ತು.

ದಾನಮ್ಮ ಫೋನು ಎತ್ತಿ ಅಲ್ಲಿನ ಠಾಣೆಗೆ ಹಚ್ಚಿದಳು. ಆ ಕಡೆ ಯಾವನೋ ಹರೆಯದವನ ದನಿ.

"ತಮ್ಮಾ, ಸಂತಿ ಬಯಲಿಗೆ ಯಾರನ್ನಾರ ಲಗೂ ಕಳಸಪಾ. ಮಂದಿ ಓಣಿ ಕಡೆ ಹೊಂಟಾರ."

ಅವನು ಪರದೆಯತ್ತ ಕುರ್ಚಿ ಸರಿಸಿದ್ದು ಅವಳಿಗೆ ಕೇಳಿಸಿತು. "ಇಲ್ಲಿ ಹಸಿರು ಐತ್ರೀ ಅಕ್ಕಾರ. ಕೆಲಸ ನಡದೈತಿ ಅಂತ ತೋರ್ಸಾಕತ್ತೈತಿ."

"ಕೆಲಸ ಅಲ್ಲಪಾ ಅದು. ನನ್ನ ಮಾತ ಕೇಳು, ಒಬ್ರನ್ನರ ಕಳಸು."

"ಹೌದೇನ್ರೀ? ಮತ್ತ ಹಸಿರಂತ ಯಾರ ಕಲಿಸ್ಯಾರ ಇದಕ್ಕ?" ಅವನು ನಕ್ಕ. ಕೆಡುಕಿನ ನಗೆಯಲ್ಲ, ಬೆಳಗಿನ ಚಹಾ ಕುಡಿಯುತ್ತಿರುವವನ ನಗೆ. "ಎಷ್ಟ ದಿನದ ಮ್ಯಾಲ ನಮ್ಮೂರಾಗ ಕೆಲಸ ಬಂದೈತ್ರೀ. ಮಾಡ್ಲಿ ಬಿಡ್ರಿ, ಪಾಪ."